ಫಾರ್ಮ್ಯಾಟ್ ಹೊಡೆಸುವ ಮೊದಲು ರೈಲು ಯಾಕೆ ನಿಂತಿತು ಅಂತ ನೋಡಿ

ಕಂಪ್ಯೂಟರ್ ಕೈಕೊಟ್ಟರೆ ನಮ್ಮ ಕಡೆ ಸಿಗುವ ಸಲಹೆ ಎರಡೇ. ಒಂದು, ಆಫ್ ಮಾಡಿ ಆನ್ ಮಾಡು. ಎರಡು, ಫಾರ್ಮ್ಯಾಟ್ ಹೊಡೆಸು. ಮೊದಲನೆಯದರ ಬಗ್ಗೆ ನನಗೆ ಜಗಳ ಇಲ್ಲ. ಎರಡನೆಯದು ಮಾತ್ರ, ಕಳ್ಳತನವಾದ ಮನೆಯನ್ನು ಪೊಲೀಸರು ಬರುವ ಮೊದಲೇ ಗುಡಿಸಿ ಸಾರಿಸಿದ ಹಾಗೆ. ಯಂತ್ರ ಮತ್ತೆ ಓಡಬಹುದು, ಆದರೆ ಏನಾಗಿತ್ತು ಅನ್ನುವುದು ಯಾರಿಗೂ ಗೊತ್ತಾಗೋದಿಲ್ಲ. ಮುಂದಿನ ತಿಂಗಳು ಅದೇ ಕಾಯಿಲೆ ತಿರುಗಿ ಬಂದರೆ ಮತ್ತೆ ಪೇಟೆಯಿಂದ ರಿಪೇರಿಯವರು ಬರಬೇಕು. ಅವರು ಬರುವವರೆಗೆ ಲ್ಯಾಬಿಗೆ ಬೀಗ.

ದೋಷ ಹುಡುಕುವುದನ್ನೂ ಪ್ರಯೋಗ ಮಾಡುವಷ್ಟೇ ಶ್ರದ್ಧೆಯಿಂದ ಶಾಲೆಯಲ್ಲಿ ಕಲಿಸಬೇಕು, ನೀವು ಕಲಿಯಬೇಕು ಅನ್ನುವುದು ನನ್ನ ವಾದ. ಅದಕ್ಕೆ ಒಂದು ಆಟಿಕೆಯ ಉದಾಹರಣೆ ತೆಗೆದುಕೊಳ್ತೇನೆ: ಮಾದರಿ ರೈಲು. ಆಟಿಕೆ ಅಂದೆ, ಆದರೆ ಅಮೆರಿಕ, ಜರ್ಮನಿಗಳಲ್ಲಿ ಇದನ್ನು ಆಡುವವರಲ್ಲಿ ದೊಡ್ಡವರೇ ಬಹಳ. ಹೆಚ್ಚು ಬಳಕೆಯಲ್ಲಿರುವ ಎಚ್‌ಒ ಅಳತೆಯಲ್ಲಿ ಎಲ್ಲವೂ ನಿಜ ರೈಲಿನ 87ನೇ ಒಂದು ಪಾಲು, ಹಳಿಗಳ ನಡುವೆ 16.5 ಮಿಲಿಮೀಟರ್. 87ರಿಂದ ಗುಣಿಸಿ ನೋಡಿ, ಅಲ್ಲಿನ 1435 ಮಿ.ಮೀ. ಸ್ಟ್ಯಾಂಡರ್ಡ್ ಗೇಜ್ ಸಿಗ್ತದೆ. ನಮ್ಮ ಬ್ರಾಡ್ ಗೇಜ್ 1676 ಮಿ.ಮೀ. ಸೊಲ್ಲಾಪುರ ಸ್ಟೇಷನ್ನನ್ನು ಅದೇ ಪ್ರಮಾಣದಲ್ಲಿ ಮಾಡಬೇಕಾದರೆ ಎಷ್ಟು ಅಗಲ ಬೇಕು ಅನ್ನುವುದನ್ನು ನೀವೇ ಲೆಕ್ಕ ಹಾಕಿ.

ಹಳೆಯ ಪದ್ಧತಿಯಲ್ಲಿ ಹಳಿಗೆ ಎಷ್ಟು ವೋಲ್ಟ್ ಕೊಟ್ಟರೆ ಅಷ್ಟು ವೇಗ. ಒಂದೇ ಹಳಿಯ ಮೇಲೆ ಎರಡು ಎಂಜಿನ್ ಇಟ್ಟರೆ ಎರಡೂ ಒಟ್ಟಿಗೆ ಓಡುತ್ತಿದ್ದವು. 1980ರ ದಶಕದಲ್ಲಿ ಜರ್ಮನಿಯ ಲೆಂಟ್ಸ್ ಕಂಪನಿ ರೂಪಿಸಿದ ಪದ್ಧತಿಯನ್ನು ಆಮೇಲೆ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ ಮಾನಕವಾಗಿ ಒಪ್ಪಿತು. ಅದೇ ಡಿಸಿಸಿ. ಇಲ್ಲಿ ಹಳಿಯಲ್ಲಿ ಯಾವಾಗಲೂ ಪೂರ್ತಿ ವೋಲ್ಟೇಜ್ ಇರ್ತದೆ. ಧನ-ಋಣ ಮಾತ್ರ ಸತತವಾಗಿ ಅದಲುಬದಲಾಗ್ತಾ ಇರ್ತದೆ. ಒಂದೊಂದು ಅರ್ಧ 58 ಮೈಕ್ರೊಸೆಕೆಂಡ್ ಇದ್ದರೆ ಅದು 1, 100 ಅಥವಾ ಹೆಚ್ಚು ಇದ್ದರೆ 0. ಕರೆಂಟು, ಸಂದೇಶ ಎರಡೂ ಅದೇ ಎರಡು ಹಳಿಗಳಲ್ಲಿ. ಪ್ರತಿ ಎಂಜಿನ್ನಿನೊಳಗೆ ಡಿಕೋಡರ್ ಎಂಬ ಪುಟ್ಟ ಬೋರ್ಡು, ಅದಕ್ಕೊಂದು ನಂಬರು. ಹೊಸ ಡಿಕೋಡರಿಗೆ ಸಾಮಾನ್ಯವಾಗಿ 3.

ಸಂದೇಶದ ರೂಪ ನೋಡಿ. ಮೊದಲು ವಿಳಾಸ: 00000011, ಅಂದರೆ 3. ಆಮೇಲೆ ಆಜ್ಞೆ: 01101000, ಅಂದರೆ ಇಷ್ಟು ವೇಗದಲ್ಲಿ ಮುಂದೆ ಹೋಗು. ಕೊನೆಗೆ ತಾಳೆ ನೋಡುವ ಬೈಟ್: 01101011. ಮೇಲಿನ ಎರಡರಲ್ಲಿ ಒಂದೇ ಜಾಗದ ಬಿಟ್ಟುಗಳು ಸಮಾನವಾದರೆ 0, ಬೇರೆಯಾದರೆ 1 ಅಂತ ಬರೆದರೆ ಮೂರನೆಯದು ಸಿಗ್ತದೆ. ಡಿಕೋಡರ್ ತಾನೂ ಹಾಗೆ ಮಾಡಿ ನೋಡ್ತದೆ. ತಾಳೆಯಾಗದಿದ್ದರೆ ಆ ಸಂದೇಶವನ್ನು ಬಿಟ್ಟುಬಿಡ್ತದೆ. ಚಕ್ರ ಹಾರಿ, ಧೂಳು ಕೂತು ಸಂದೇಶ ಕೆಡುವುದು ಖಂಡಿತ ಅಂತ ಗೊತ್ತಿದ್ದೇ ಕಟ್ಟಿದ ವ್ಯವಸ್ಥೆ ಇದು. ಅದಕ್ಕೇ ಕಮಾಂಡ್ ಸ್ಟೇಷನ್ ಅದೇ ಆಜ್ಞೆಯನ್ನು ಮತ್ತೆ ಮತ್ತೆ ಕಳಿಸ್ತಾ ಇರ್ತದೆ.

ಇದಕ್ಕೆ ಕಂಪ್ಯೂಟರ್ ಜೋಡಿಸುವ ಒಂದು ಉಚಿತ ತಂತ್ರಾಂಶ ಜೆಎಂಆರ್‌ಐ. ಅದನ್ನು ಶುರು ಮಾಡಿದ ಬಾಬ್ ಜೇಕಬ್ಸನ್ ಬರ್ಕ್ಲಿಯ ಭೌತವಿಜ್ಞಾನಿ.

ಈಗ ಪ್ರಶ್ನೆ. ಪರದೆಯಲ್ಲಿ ವೇಗದ ಗುಂಡಿ ಎಳೆದರೂ ರೈಲು ಅಲ್ಲಾಡುವುದಿಲ್ಲ. ಎಲ್ಲಿ ಹುಡುಕ್ತೀರಿ? ತಂತ್ರಾಂಶ, ಯುಎಸ್‌ಬಿ ಕೇಬಲ್, ಕಮಾಂಡ್ ಸ್ಟೇಷನ್, ವೈರು, ಹಳಿ, ಚಕ್ರ, ಡಿಕೋಡರ್, ಮೋಟಾರ್: ಸರಪಳಿ ಉದ್ದ ಇದೆ. ಒಂದು ತುದಿಯಿಂದ ಒಂದೊಂದೇ ಬದಲಿಸುತ್ತಾ ಹೋದರೆ ದುಡ್ಡೂ ಹೋಯ್ತು, ದಿನವೂ ಹೋಯ್ತು. ತಿಳಿದವರು ಸರಪಳಿಯ ನಡುವೆ ಕೈ ಹಾಕ್ತಾರೆ. ಕಂಪ್ಯೂಟರನ್ನು ಬಿಟ್ಟು, ಕಮಾಂಡ್ ಸ್ಟೇಷನ್ನಿನ ಕೈ-ರಿಮೋಟಿನಿಂದಲೇ ಓಡಿಸಿ ನೋಡ್ತಾರೆ. ಓಡಿತಾ? ಹಾಗಾದರೆ ಕಮಾಂಡ್ ಸ್ಟೇಷನ್ನಿನಿಂದ ಮೋಟಾರಿನವರೆಗೆ ಎಲ್ಲವೂ ಸರಿ, ದೋಷ ಕಂಪ್ಯೂಟರ್ ಕಡೆ. ಓಡಲಿಲ್ಲವಾ? ಮೊದಲು ಹಳಿಯ ಕಡೆಗೇ ಹೋಗಿ. ಒಂದೇ ಪ್ರಶ್ನೆಗೆ ಅರ್ಧ ಸರಪಳಿ ಪಕ್ಕಕ್ಕೆ ಸರಿಯಿತು. ಎಂಟು ಕೊಂಡಿ ಇದ್ದರೆ ಇಂಥ ಮೂರು ಪ್ರಶ್ನೆ ಸಾಕು.

ಕಂಪ್ಯೂಟರ್ ಕಡೆಯ ಕಾಯಿಲೆಗಳು ಬಹುಪಾಲು ಸಣ್ಣವು. ಕೇಬಲನ್ನು ನಿನ್ನೆಯ ತೂತಿಗೆ ಹಾಕದೆ ಪಕ್ಕದ್ದಕ್ಕೆ ಹಾಕಿದರೆ ಪೋರ್ಟ್ ನಂಬರು ಬದಲಾಗಿರಬಹುದು. ಬೇರೊಂದು ಪ್ರೋಗ್ರಾಂ ಅದೇ ಪೋರ್ಟನ್ನು ಹಿಡಿದುಕೊಂಡಿರಬಹುದು. ಎರಡೂ ಕಡೆಯ ಮಾತಿನ ವೇಗ, ಅಂದರೆ ಬಾಡ್ ರೇಟ್, ಬೇರೆ ಬೇರೆ ಇರಬಹುದು. ಒಬ್ಬರು 9600ರಲ್ಲಿ, ಇನ್ನೊಬ್ಬರು 115200ರಲ್ಲಿ ಮಾತಾಡಿದರೆ ಬರುವುದು ಗಲಿಬಿಲಿ ಅಕ್ಷರ. ಲಿನಕ್ಸ್ ಆದರೆ ಇನ್ನೊಂದು ಇದೆ: ಉಬುಂಟುವಿನಂಥವುಗಳಲ್ಲಿ ಬಳಕೆದಾರರ ಹೆಸರು ಡಯಲ್‌ಔಟ್ ಗುಂಪಿನಲ್ಲಿ ಇಲ್ಲದಿದ್ದರೆ ಪೋರ್ಟು ತೆರೆಯುವುದೇ ಇಲ್ಲ. ಕಾಸರಗೋಡಿನ ಶಾಲೆಗಳ ಕಂಪ್ಯೂಟರುಗಳಲ್ಲಿ ಇರುವುದು ಲಿನಕ್ಸೇ. ಅಲ್ಲಿನ ಲಿಟ್ಲ್ ಕೈಟ್ಸ್ ಮಕ್ಕಳಿಗೆ ಆರ್ಡುಯಿನೊ ಜೋಡಿಸುವಾಗಲೂ ಇದೇ ತಡೆ ಎದುರಾಗಬಹುದು. ಹೆಸರು ಸೇರಿಸಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಿ ಬರಬೇಕು. ಅದನ್ನು ಮರೆತು ‘ಸರಿಯಾಗಲಿಲ್ಲ’ ಅನ್ನುವವರು ಬಹಳ.

ಹಳಿಯ ಕಡೆಗೆ ನನಗೆ ಇಷ್ಟವಾದ ಪರೀಕ್ಷೆ ನಾಣ್ಯದ್ದು. ದೂರದ ತುದಿಯಲ್ಲಿ ಎರಡೂ ಹಳಿಗೆ ತಾಗುವಂತೆ ಒಂದು ರೂಪಾಯಿ ಇಡಿ. ಶಾರ್ಟ್ ಆಗಿ ವ್ಯವಸ್ಥೆ ಕೂಡಲೇ ಕರೆಂಟು ಕಡಿಯಬೇಕು. ಕಡಿಯಲಿಲ್ಲವೆಂದರೆ ವೈರು ತೀರ ಸಪೂರ, ಅದರ ರೋಧ ಹೆಚ್ಚು. ಮುಂದೆ ನಿಜವಾಗಿ ರೈಲು ಹಳಿ ತಪ್ಪಿದಾಗ ಕರೆಂಟು ಹರಿಯುತ್ತಲೇ ಇದ್ದು ಪ್ಲಾಸ್ಟಿಕ್ ಕರಗ್ತದೆ. ಓಮನ ನಿಯಮಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ನಾನು ಕಂಡಿಲ್ಲ.

ಇನ್ನು ಅತಿ ಮೋಸದ ಕಾಯಿಲೆ. ಎಂಜಿನ್ನಿನ ನಂಬರು ಬದಲಿಸಲು ಅದನ್ನು ಪ್ರತ್ಯೇಕ ಹಳಿಯಲ್ಲಿಟ್ಟು ಕಂಪ್ಯೂಟರಿನಿಂದ ಬರೆಯುತ್ತಾರೆ. ಡಿಕೋಡರ್ ‘ಆಯ್ತು’ ಅಂತ ಹೇಳುವುದು ಹೇಗೆ? ಅದಕ್ಕೆ ಬಾಯಿ ಇಲ್ಲ. ಸುಮಾರು 6 ಮಿಲಿಸೆಕೆಂಡ್ ಹೊತ್ತು ಕನಿಷ್ಠ 60 ಮಿಲಿಆಂಪಿಯರ್ ಹೆಚ್ಚು ಕರೆಂಟು ಎಳೆಯುತ್ತದೆ, ಸಾಮಾನ್ಯವಾಗಿ ಮೋಟಾರನ್ನು ಒಂದಿಷ್ಟು ಜಗ್ಗಿಸಿ. ಚಕ್ರದಲ್ಲಿ ಕೊಳೆ ಇದ್ದರೆ ಆ ಜಗ್ಗು ತಲುಪುವುದಿಲ್ಲ. ಆಗ ಪರದೆಯಲ್ಲಿ, ಎಂಜಿನ್ನಿನಿಂದ ಉತ್ತರ ಬಂದಿಲ್ಲ ಅಂತ ಇಂಗ್ಲಿಷಿನಲ್ಲಿ ಬರ್ತದೆ. ನೋಡಿದವರು ತಂತ್ರಾಂಶವೇ ಕೆಟ್ಟಿದೆ ಅಂತ ತೆಗೆದು ಮತ್ತೆ ಹಾಕ್ತಾರೆ. ಬೇಕಾಗಿದ್ದದ್ದು ಸ್ಪಿರಿಟ್ ಹಚ್ಚಿದ ಒಂದು ಬಟ್ಟೆ ಚೂರು. ಎರರ್ ಮೆಸೇಜು ತಪ್ಪು ಎಲ್ಲಿ ಗೋಚರವಾಯ್ತು ಅಂತ ಹೇಳ್ತದೆಯೇ ಹೊರತು ಎಲ್ಲಿ ಆಯ್ತು ಅಂತಲ್ಲ.

ಆ ಇಂಗ್ಲಿಷ್ ವಾಕ್ಯ ಕಂಡ ಕೂಡಲೇ ವಿಂಡೋ ಮುಚ್ಚುವ ಅಭ್ಯಾಸ ನಮ್ಮ ಮಕ್ಕಳಲ್ಲಿ ಇದೆ. ಕನ್ನಡ ಮೀಡಿಯಮ್ಮಿನವರಿಗೆ ಇದೆಲ್ಲ ಅಲ್ಲ ಅಂತ ಯಾರೋ ತಲೆಗೆ ತುಂಬಿದ್ದಾರೆ. ನಾನು ಒಪ್ಪೋದಿಲ್ಲ. ಉಷ್ಣಮಾಪಕದ ಅಂಕಿಯನ್ನು ಇದ್ದ ಹಾಗೆ ಬರೆದುಕೊಳ್ತೀರಲ್ಲ, ಮೆಸೇಜನ್ನೂ ಹಾಗೇ ಅಕ್ಷರ ಬಿಡದೆ ಬರೆದುಕೊಳ್ಳಿ. ಅರ್ಥ ಆಮೇಲೆ ನಿಘಂಟಿನಲ್ಲಿ ನೋಡಿದರಾಯ್ತು. ಅದಕ್ಕಿಂತ ಮೊದಲು ನೀವು ಏನು ಮಾಡಿದಿರಿ, ಏನು ಆಗಬೇಕಿತ್ತು, ಏನು ಆಯ್ತು ಅನ್ನುವುದನ್ನು ನಿಮ್ಮ ಕನ್ನಡದಲ್ಲೇ ಬರೆಯಿರಿ. ಯೋಚನೆ ನಡೆಯುವುದು ಅಲ್ಲಿ.

ಜೇಕಬ್ಸನ್ನರ ಹೆಸರಿನಲ್ಲಿ ಒಂದು ಕೋರ್ಟು ಕತೆಯೂ ಇದೆ. ಎಲ್ಲರಿಗೂ ಉಚಿತವಾಗಿ ಕೊಟ್ಟ ಆ ಕೋಡನ್ನು ಷರತ್ತು ಪಾಲಿಸದೆ ಬಳಸಿದ ವಿಷಯದಲ್ಲಿ 2008ರಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಮುಕ್ತ ಪರವಾನಗಿಯ ಷರತ್ತು ಮುರಿದರೆ ಅದು ಕೃತಿಸ್ವಾಮ್ಯದ ಉಲ್ಲಂಘನೆ ಆಗಬಹುದು ಅಂತ ಹೇಳಿತು. ರೈಲಾಟದ ತಂತ್ರಾಂಶದಿಂದ ಇಡೀ ಮುಕ್ತ ತಂತ್ರಾಂಶ ಲೋಕಕ್ಕೇ ಬಲ ಬಂತು. ಒಳಗೆ ಏನಿದೆ ಅಂತ ನೋಡಿ ರಿಪೇರಿ ಮಾಡಲು ಬಿಡುವ ಸಾಮಾನೇ ಶಾಲೆಗೆ ಬರಬೇಕು ಅನ್ನುವ ನನಗೆ ಈ ತೀರ್ಪು ಸಣ್ಣದಲ್ಲ.

ರೈಲು ಕೊಳ್ಳಲು ನಮ್ಮಲ್ಲಿ ದುಡ್ಡೆಲ್ಲಿ ಅಂತ ಕೇಳ್ತೀರಿ. ಬೇಡ. ವಾರಕ್ಕೊಂದು ಪಿರಿಯಡ್ ಸಾಕು. ಮಾಸ್ತರರು ಮೊದಲೇ ಬಂದು ಒಂದು ಕೇಬಲ್ ಸಡಿಲಿಸಲಿ, ಒಂದು ಸೆಟ್ಟಿಂಗ್ ಬದಲಿಸಲಿ, ಇದ್ದರೆ ಆರ್ಡುಯಿನೊದ ಒಂದು ವೈರು ಕೀಳಲಿ. ನೀವು ಹುಡುಕಿ. ಲ್ಯಾಬಿನಲ್ಲಿ ಕನ್ನಡದ ಒಂದು ದೋಷ-ಪುಸ್ತಕ ಇಟ್ಟು ತಾರೀಕು ಹಾಕಿ ಬರೆಯಿರಿ. ಸ್ಟಾಕ್ ರಿಜಿಸ್ಟರಿನ ಸಾಮಾನು ಕೆಟ್ಟರೆ ಯಾರು ಹೊಣೆ ಅಂತ ಶಿಕ್ಷಕರಿಗೆ ಹೆದರಿಕೆ ಇದೆ, ಅದು ಸುಳ್ಳಲ್ಲ. ಆದರೆ ಬೀಗ ಹಾಕಿದ ಕಂಪ್ಯೂಟರೂ ಕೆಡ್ತದೆ, ಯಾರಿಗೂ ಏನೂ ಕಲಿಸದೆ. ಕಂಪ್ಯೂಟರಿನ ಪವರ್ ಸಪ್ಲೈ ಪೆಟ್ಟಿಗೆ ಮಾತ್ರ ಬಿಚ್ಚಬೇಡಿ, ಅಲ್ಲಿ 230 ವೋಲ್ಟ್ ಇದೆ, ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರ್ತದೆ. ಉಳಿದದ್ದಕ್ಕೆ ಮಾಸ್ತರರ ಹತ್ತಿರ ಸ್ಕ್ರೂಡ್ರೈವರ್ ಕೇಳಿ.