ನೀಲಗಿರಿಯ ಉಗಿಬಂಡಿ ಯಾರ ಸೊತ್ತು?

ಬೇಸಗೆಯ ರಜೆ ಸಮೀಪಿಸಿತೆಂದರೆ ಮೈಸೂರು ಬೆಂಗಳೂರುಗಳ ಗೃಹಸ್ಥರು ಮಕ್ಕಳುಮರಿಗಳೊಡನೆ ಉದಕಮಂಡಲಕ್ಕೆ ಹೊರಡುವುದು ಬಹುಕಾಲದ ವಾಡಿಕೆ. ಅವರಲ್ಲಿ ಹೆಚ್ಚಿನವರು ಬಂಡೀಪುರದ ಕಾಡುದಾರಿಯನ್ನು ಹಿಡಿದು ಮೋಟಾರಿನಲ್ಲಿ ಹೋಗಿಬರುತ್ತಾರೆ. ಆದರೆ ಅದೇ ಬೆಟ್ಟದ ಮತ್ತೊಂದು ಮಗ್ಗುಲಿನಲ್ಲಿ, ಮೆಟ್ಟುಪಾಳ್ಯದಿಂದ ಮೇಲಕ್ಕೆ, ನೀರು ಕಾಯಿಸಿ ಹಬೆಯ ಬಲದಿಂದ ಏರುವ ಒಂದು ಪುಟ್ಟ ರೈಲುಬಂಡಿ ಇಂದಿಗೂ ಉಂಟು. ಲೋಕದ ರೈಲುಗಳೆಲ್ಲ ವಿದ್ಯುತ್ತಿನ ತಂತಿಗೆ ಜೋತುಬಿದ್ದು ಓಡುತ್ತಿರುವ ಈ ಕಾಲದಲ್ಲಿ ಇಂಥದೊಂದು ಬಂಡಿಯನ್ನು ಇಟ್ಟುಕೊಂಡಿರುವುದು ಯಾರಿಗಾಗಿ, ಯಾವ ಬೆಲೆಗೆ ಎಂಬ ಪ್ರಶ್ನೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಮೊದಲು ಸಂಗತಿಗಳನ್ನು ನೋಡೋಣ. 1854ನೆಯ ಇಸವಿಯಲ್ಲಿಯೇ ಈ ಮಾರ್ಗದ ಪ್ರಸ್ತಾಪವೆದ್ದಿತು. ಬೆಟ್ಟದ ಕಡಿದು ಎಷ್ಟೆಂದರೆ, ಕೆಲಸ ಪ್ರಾರಂಭವಾಗುವುದಕ್ಕೆ 1891ರವರೆಗೆ ಕಾಯಬೇಕಾಯಿತು. 1899ರಲ್ಲಿ ಕೂನೂರಿನವರೆಗೆ ಬಂಡಿ ಬಂದಿತು. 1908ರಲ್ಲಿ ಉದಕಮಂಡಲವನ್ನು ಮುಟ್ಟಿತು. ಒಟ್ಟು ದೂರ ಸುಮಾರು 46 ಕಿಲೋಮೀಟರು. ಇಷ್ಟರೊಳಗೆ ಅದು ಸಮುದ್ರಮಟ್ಟದಿಂದ 326 ಮೀಟರು ಎತ್ತರದಲ್ಲಿ ಹೊರಟು 2,203 ಮೀಟರನ್ನು ಸೇರಬೇಕು. ದಾರಿಯಲ್ಲಿ 16 ಸುರಂಗಗಳು, 250 ಸೇತುವೆಗಳು. ಕಲ್ಲಾರಿನಿಂದ ಕೂನೂರಿನವರೆಗೆ ಏರುವಲ್ಲಿ 12 ಅಡಿ ಮುಂದುವರಿಯುವಷ್ಟರಲ್ಲಿ ಒಂದು ಅಡಿ ಮೇಲೇರುವಂಥ ಕಡಿದು ಜಾಗಗಳುಂಟು. ಇಂಥ ಏರಿನಲ್ಲಿ ನುಣುಪಾದ ಚಕ್ರ ನುಣುಪಾದ ಕಂಬಿಯನ್ನು ಹಿಡಿದು ನಿಲ್ಲಲಾರದು. ಆದಕಾರಣ ಎರಡು ಕಂಬಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಜೋಡಿಪಟ್ಟಿಯನ್ನು ಹಾಸಿದ್ದಾರೆ. ಇಂಜಿನಿನ ಕೆಳಗಿರುವ ಹಲ್ಲುಚಕ್ರವು ಅದನ್ನು ಕಚ್ಚಿ ಕಚ್ಚಿ ಮೇಲಕ್ಕೆ ಹತ್ತುತ್ತದೆ. ಒಂದು ಪಟ್ಟಿಯ ಹಲ್ಲು ಇರುವ ಕಡೆ ಮತ್ತೊಂದರ ಸಂದು ಬರುವಂತೆ ಜೋಡಿಸಿರುವುದರಿಂದ ಹಿಡಿತ ಒಂದು ನಿಮಿಷವೂ ತಪ್ಪುವುದಿಲ್ಲ. ಚಕ್ರಗಳನ್ನು ತಿರುಗಿಸಿ ಹೊರಬಂದ ಹಬೆಯನ್ನು ಬರಿದೆ ಬಿಡದೆ ಹಲ್ಲುಚಕ್ರವನ್ನು ತಿರುಗಿಸುವುದಕ್ಕೆ ಎರಡನೆಯ ಸಾರಿ ದುಡಿಸಿಕೊಳ್ಳುತ್ತಾರೆ. ಇಂಜಿನು ಮುಂದೆ ನಿಂತು ಎಳೆಯದೆ ಹಿಂದೆ ನಿಂತು ಗಾಡಿಗಳನ್ನು ನೂಕುತ್ತದೆ. ಗಾಡಿಗಾಡಿಗೂ ಬ್ರೇಕು ಹಿಡಿಯುವ ಆಳು ನಿಂತಿರುತ್ತಾನೆ. ಹತ್ತುವುದಕ್ಕೆ ಐದು ಗಂಟೆಗೆ ತುಸು ಕಡಮೆ, ಇಳಿಯುವುದಕ್ಕೆ ಮೂರೂವರೆ ಗಂಟೆ. ಮೋಟಾರಿನವನು ಇದನ್ನು ಕೇಳಿ ನಕ್ಕಾನು, ನಗಲಿ. ಅವಸರದವರಿಗಾಗಿ ರಸ್ತೆಯುಂಟು.

ಈ ಮಾರ್ಗವನ್ನು ಕಟ್ಟಿದ್ದು ನಮ್ಮ ಜನರ ಸುಖಕ್ಕಾಗಿ ಅಲ್ಲವೆಂಬುದನ್ನು ಮರೆಯಲಾಗದು. ಮದರಾಸು ಸರ್ಕಾರವು ಬೇಸಗೆ ಬಂದೊಡನೆ ದಫ್ತರಗಳನ್ನು ಕಟ್ಟಿಕೊಂಡು ಬೆಟ್ಟವನ್ನೇರುತ್ತಿದ್ದ ಕಾಲ ಅದು. ಬಯಲಿನ ರೈತನ ತೆರಿಗೆ ಬೆಟ್ಟದ ತಂಪಿನಲ್ಲಿ ಖರ್ಚಾಗುತ್ತಿತ್ತು. ನಮ್ಮ ಮೈಸೂರಿನ ಅರಸರೂ ಅಲ್ಲಿ ಫರ್ನ್‌ಹಿಲ್ಲಿನಲ್ಲಿ ಅರಮನೆಯನ್ನಿಟ್ಟುಕೊಂಡಿದ್ದರು. ಆ ಬೆಟ್ಟದ ಬಡಗರಾದರೋ, ಕನ್ನಡಕ್ಕೆ ಒಡಹುಟ್ಟಾದ ನುಡಿಯನ್ನಾಡುವ ಜನ, ಈ ಸಂಭ್ರಮವನ್ನೆಲ್ಲ ತಮ್ಮ ಹೊಲದ ಬದುವಿನಿಂದ ನೋಡಬೇಕಾಯಿತು. ಆದರೆ ಕಾಲ ತಿರುಗಿತು. ದೊರೆಗಳು ಹೋದರು, ಕಂಪೆನಿಗಳು ಹೋದವು, ಕಂಬಿ ಉಳಿಯಿತು. ದೊರೆಗಳಿಗಾಗಿ ಹಾಸಿದ ಕಂಬಿಯ ಮೇಲೆ ಇಂದು ಶಾಲೆಯ ಮಕ್ಕಳೂ ಮಾರುಕಟ್ಟೆಗೆ ಹೋಗುವವರೂ ಕುಳಿತು ಹೋಗುವಂತಾಗಿದೆ. ಅನ್ಯರು ಅನ್ಯರಿಗಾಗಿ ಮಾಡಿದ್ದು ಹೀಗೆ ಎಲ್ಲರದೂ ಆಗಿರುವುದನ್ನು ನಾವು ಸ್ವಾತಂತ್ರ್ಯದ ಚಿಕ್ಕ ಲಾಭವೆಂದು ಎಣಿಸುವುದಿಲ್ಲ.

ಈಗ ಚರ್ಚೆಯ ವಿಷಯಕ್ಕೆ ಬರೋಣ. 2005ನೆಯ ಇಸವಿಯ ಜುಲೈ ತಿಂಗಳಲ್ಲಿ ಯುನೆಸ್ಕೋ ಸಂಸ್ಥೆಯವರು ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಡಾರ್ಜಿಲಿಂಗಿನ ಮಾರ್ಗವು 1999ರಲ್ಲಿಯೇ ಸೇರಿತ್ತು. ಕಾಲ್ಕಾ ಶಿಮ್ಲಾ ಮಾರ್ಗವು 2008ರಲ್ಲಿ ಸೇರಿತು. ಗೌರವ ಬಂದುದರ ಹಿಂದೆಯೇ ವ್ಯಾಪಾರವೂ ಬಂದಿತು. 2020ರ ಡಿಸೆಂಬರಿನಲ್ಲಿ, ಸಾಂಕ್ರಾಮಿಕದ ಕಾರಣ ನಿತ್ಯದ ಸಂಚಾರವು ನಿಂತಿದ್ದ ಸಮಯದಲ್ಲಿ, ಖಾಸಗಿ ಸಂಸ್ಥೆಯೊಂದು ಈ ಬಂಡಿಯನ್ನು ಬಾಡಿಗೆಗೆ ಹಿಡಿದು ಪ್ರವಾಸಿಗರನ್ನು ಕರೆದೊಯ್ದಿತು. ತಲೆಗೆ 3,000 ರೂಪಾಯಿ ವಸೂಲಾಯಿತೆಂದು ವರದಿಯಾದೊಡನೆ ತಮಿಳುನಾಡಿನಲ್ಲಿ ಗದ್ದಲವೆದ್ದಿತು. ಇದು ಮಾರ್ಗವನ್ನು ಖಾಸಗಿಯವರಿಗೆ ಒಪ್ಪಿಸಿದಂತಲ್ಲ, ಬಂಡಿಯನ್ನು ಬಾಡಿಗೆಗೆ ಕೊಡುವ ಪದ್ಧತಿ ಹಿಂದಿನಿಂದಲೂ ಇದ್ದದ್ದೇ ಎಂದು ರೈಲ್ವೆಯವರು ಸಮಾಧಾನ ಹೇಳಿದರು. ಅವರ ಮಾತು ನಿಜವೇ ಇರಬಹುದು. ಆದರೆ ಜನರ ಕಳವಳವನ್ನೂ ಸುಳ್ಳೆನ್ನುವಂತಿಲ್ಲ. ಊರಿನವನಿಗೆ ಬಾಗಿಲು ಮುಚ್ಚಿದ್ದ ದಿನಗಳಲ್ಲಿ ಹಣವುಳ್ಳವನಿಗೆ ಅದೇ ಬಾಗಿಲು ತೆರೆದರೆ, ನಿಯಮವೆಷ್ಟೇ ಸರಿಯಾಗಿದ್ದರೂ ನ್ಯಾಯವು ಕಣ್ಣಿಗೆ ಕಾಣುವುದಿಲ್ಲ.

ವಿಶೇಷ ಬಂಡಿಗಳನ್ನು ನಾವು ಸರ್ವಥಾ ವಿರೋಧಿಸತಕ್ಕವರಲ್ಲ. ಇಂಥ ಮಾರ್ಗದ ಖರ್ಚನ್ನು ಟಿಕೆಟ್ಟಿನ ಹುಟ್ಟುವಳಿಯೊಂದೇ ತುಂಬಿಸಲಾರದೆಂಬುದು ಎಲ್ಲರೂ ಬಲ್ಲ ಸಂಗತಿ. ಉಳ್ಳವನು ಹೆಚ್ಚು ಕೊಟ್ಟು, ಆ ಹಣದಿಂದ ಇಲ್ಲದವನ ಬಂಡಿಯೂ ನಡೆಯುವುದಾದರೆ ಅದು ಒಳ್ಳೆಯದೇ. ಭಯವಿರುವುದು ಬೇರೆ ಕಡೆ. ಲಾಭ ತರುವ ತುಂಡನ್ನು ಇಟ್ಟುಕೊಂಡು ಉಳಿದುದನ್ನು ಸೊರಗಿಸುವ ಅಭ್ಯಾಸ ಇಲಾಖೆಗಳಿಗೆ ಸುಲಭವಾಗಿ ಬರುತ್ತದೆ. ಡಾರ್ಜಿಲಿಂಗಿನಲ್ಲಿ ಊರಿನಿಂದ ಘೂಮಿನವರೆಗೆ ಹೋಗಿ ಹಿಂದಿರುಗುವ ಹಬೆಯ ವಿನೋದಯಾತ್ರೆಗೆ ಪ್ರವಾಸಿಗರು ಮುಗಿಬೀಳುತ್ತಾರೆ. ಆದರೆ 2010ರ ಭೂಕುಸಿತದಿಂದ ಕಡಿದುಹೋದ ಅದೇ ಮಾರ್ಗ ಬಯಲಿನಿಂದ ಬೆಟ್ಟದವರೆಗೆ ಮತ್ತೆ ಪೂರ್ತಿಯಾಗಿ ತೆರೆಯಲು 2015ರವರೆಗೆ ಹಿಡಿಯಿತು. ನೀಲಗಿರಿಯಲ್ಲಿಯೂ 2009ರ ನವೆಂಬರಿನ ಮಳೆಗೆ ಗುಡ್ಡ ಜರಿದು ತಿಂಗಳುಗಟ್ಟಲೆ ಬಂಡಿ ನಿಂತಿತ್ತು. ಮಾರ್ಗವೇ ಜಾರಿಹೋದ ಮೇಲೆ ವಿಶೇಷ ಬಂಡಿ ಎಲ್ಲಿ ಓಡೀತು? ಚರಂಡಿ, ತಡೆಗೋಡೆ, ಕಾವಲುಗಾರ ಇವು ಚಿತ್ರಪಟಕ್ಕೆ ಒದಗುವ ವಸ್ತುಗಳಲ್ಲ. ಬೆಟ್ಟದ ರೈಲಿನ ಪ್ರಾಣವಿರುವುದು ಅವುಗಳಲ್ಲಿಯೇ.

ಈ ವಿಷಯದಲ್ಲಿ ಇಂಗ್ಲೆಂಡಿನ ಅನುಭವವನ್ನು ಪರಿಶೀಲಿಸುವುದು ಅನುಚಿತವಲ್ಲ. ಅಲ್ಲಿಯ ರೈಲ್ವೆಯವರು 1968ನೆಯ ಇಸವಿ ಆಗಸ್ಟ್ 11ರಂದು ತಮ್ಮ ಕೊನೆಯ ಹಬೆಯ ಬಂಡಿಯನ್ನು ಓಡಿಸಿದರು. ಅದರ ದರ 15 ಗಿನಿ. ಅಂದಿಗೆ ಬಹಳ ದುಬಾರಿ. ಆ ಬಂಡಿ ಹಾದುಹೋದದ್ದು ಉತ್ತರದ ಗುಡ್ಡಗಾಡಿನ ಸೆಟ್ಲ್ ಕಾರ್ಲೈಲ್ ಮಾರ್ಗದ ಮೇಲೆ. ಮುಂದೆ 1980ರ ದಶಕದಲ್ಲಿ ರಿಪೇರಿಯ ಖರ್ಚನ್ನು ಮುಂದೊಡ್ಡಿ ಆ ಮಾರ್ಗವನ್ನೇ ಮುಚ್ಚಲು ಹೊರಟಾಗ ಜನರು 22,000ಕ್ಕೂ ಹೆಚ್ಚು ಆಕ್ಷೇಪಣೆಗಳನ್ನು ಸಲ್ಲಿಸಿದರು. 1989ರಲ್ಲಿ ಸರ್ಕಾರವು ಮಣಿದು ಮಾರ್ಗವನ್ನು ಉಳಿಸಿತು. ವಿನೋದದ ಹಬೆಬಂಡಿಗಳು ಆ ಮಾರ್ಗಕ್ಕೆ ಹೆಸರು ತಂದವು, ನಿಜ. ಆದರೆ ಅದನ್ನು ಉಳಿಸಿದ್ದು ಮುಚ್ಚಿಹೋಗಿದ್ದ ಹಳ್ಳಿಯ ನಿಲ್ದಾಣಗಳನ್ನು ಮತ್ತೆ ತೆರೆದು ನಿತ್ಯದ ಪ್ರಯಾಣಿಕರನ್ನು ಹತ್ತಿಸಿಕೊಂಡದ್ದು. ವೇಲ್ಸಿನ ತಾಲಿಲಿನ್ ಮಾರ್ಗವನ್ನು 1951ರಿಂದ ಸ್ವಯಂಸೇವಕರೇ ಸೇರಿ ನಡೆಸಿಕೊಂಡು ಬಂದರು. ತಮ್ಮದೆಂಬ ಅಭಿಮಾನ ಜನರಲ್ಲಿ ಹುಟ್ಟದೆ ಪರಂಪರೆ ಎಂಬುದು ಇಲಾಖೆಯ ಹಲಗೆಯ ಮೇಲಿನ ಬರಹವಾಗಿಯೇ ಉಳಿಯುತ್ತದೆ.

ಇನ್ನು ಹೊಗೆಯ ಆಕ್ಷೇಪಣೆ. ಬೆಟ್ಟದ ಕಾಡಿನ ನಡುವೆ ಕಲ್ಲಿದ್ದಲು ಸುಡುವುದು ಈ ಕಾಲಕ್ಕೆ ತಕ್ಕುದೇ ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಕಿಡಿ ಹಾರಿದರೆ ಬೇಸಗೆಯ ಒಣಹುಲ್ಲಿಗೆ ಅಪಾಯವೂ ಹೌದು. ರೈಲ್ವೆಯವರು 2002ರಿಂದೀಚೆಗೆ ಕೆಲವು ಇಂಜಿನುಗಳನ್ನು ಎಣ್ಣೆಯಿಂದ ನಡೆಯುವಂತೆ ಮಾರ್ಪಡಿಸಿದ್ದಾರೆ. ಕೂನೂರಿನಿಂದ ಮೇಲಕ್ಕೆ ಡೀಸೆಲ್ ಇಂಜಿನು ಬಂಡಿಯನ್ನೊಯ್ಯುತ್ತದೆ. ಆ ಬೆಟ್ಟಕ್ಕೆ ದಿನವೂ ಏರುವ ಮೋಟಾರುಗಳ ಸಾಲನ್ನು ಕಂಡವರು ಒಂದು ಪುಟ್ಟ ಇಂಜಿನಿನ ಹೊಗೆಯನ್ನೇ ಪಾಪದ ಮೂಲವೆಂದು ಹೇಳಲಾರರು. ಆದರೂ ಎಲ್ಲ ಕಡೆಯೂ ಹಬೆಯೇ ಬರಲಿ ಎಂಬ ಹಟ ನಮಗಿಲ್ಲ. ಎಲ್ಲಿ ಹಬೆಯ ಯಂತ್ರವೇ ಆ ಮಾರ್ಗದ ಅರ್ಥವೋ ಅಲ್ಲಿ ಅದು ಉಳಿಯಲಿ.

ಎಲ್ಲಕ್ಕಿಂತ ಮಿಗಿಲಾದದ್ದು ವಿದ್ಯೆಯ ಪ್ರಶ್ನೆ. ನಮ್ಮ ಚಿತ್ತರಂಜನ ಕಾರ್ಖಾನೆಯು 1970ರಲ್ಲಿ ದೊಡ್ಡ ಕಂಬಿಯ ಕೊನೆಯ ಹಬೆ ಇಂಜಿನನ್ನು ಕಟ್ಟಿ ಅದಕ್ಕೆ ‘ಅಂತಿಮ ಸಿತಾರಾ’ ಎಂದು ಹೆಸರಿಟ್ಟಿತು. 1972ರಲ್ಲಿ ಮೀಟರು ಕಂಬಿಯ ಕೊನೆಯ ಇಂಜಿನೂ ಹೊರಬಿದ್ದಿತು. ಅಲ್ಲಿಗೆ ಆ ಕಸಬು ಮುಗಿಯಿತೆಂದೇ ಎಲ್ಲರೂ ತಿಳಿದರು. ನೀಲಗಿರಿಯ ಇಂಜಿನುಗಳೋ, ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಎಂಬ ಊರಿನಿಂದ ಬಂದವು. ಅವು ಮುದಿಯಾದಾಗ ಹೊರದೇಶಕ್ಕೆ ಕೈಯೊಡ್ಡದೆ ತಿರುಚಿನಾಪಳ್ಳಿಯ ಪೊನ್ಮಲೈ ಕಾರ್ಖಾನೆಯ ಕೆಲಸಗಾರರೇ 2010ರ ದಶಕದಲ್ಲಿ ಅದೇ ಮಾದರಿಯ ಹೊಸ ಇಂಜಿನುಗಳನ್ನು ಕಟ್ಟಿದರು. 2021ರಲ್ಲಿ ಕಲ್ಲಿದ್ದಲಿನಿಂದಲೇ ನಡೆಯುವ ಹೊಸದೊಂದನ್ನೂ ಸಿದ್ಧಪಡಿಸಿದರು. ಈ ಸುದ್ದಿಗೆ ಸಿಗಬೇಕಾದಷ್ಟು ಪ್ರಶಂಸೆ ಸಿಕ್ಕಲಿಲ್ಲವೆಂದು ನಮ್ಮ ಎಣಿಕೆ. ಮೈಸೂರಿನಲ್ಲಿ 1979ರಿಂದ ರೈಲ್ವೆಯ ವಸ್ತುಸಂಗ್ರಹಾಲಯವಿದೆ. ಅಲ್ಲಿ ನಿಂತಿರುವ ಇಂಜಿನುಗಳನ್ನು ಮಕ್ಕಳು ಮುಟ್ಟಿ ನೋಡಿ ನಲಿಯುತ್ತಾರೆ. ಅದೂ ಬೇಕು. ಆದರೆ ನಿಂತ ಇಂಜಿನು ನೋಟವನ್ನು ಮಾತ್ರ ಕಾಪಾಡುತ್ತದೆ. ಓಡುವ ಇಂಜಿನು ಕೈಯ ಕಸುಬನ್ನು ಕಾಪಾಡುತ್ತದೆ. ಬಾಯ್ಲರಿನ ಒತ್ತಡ ಎಷ್ಟಿದ್ದರೆ ಏರು ಹತ್ತೀತು, ಬೆಂಕಿಯನ್ನು ಯಾವಾಗ ಕೆದಕಬೇಕು, ಇಳಿಜಾರಿನಲ್ಲಿ ಬ್ರೇಕನ್ನು ಎಷ್ಟು ಬಿಗಿಯಬೇಕು ಎಂಬುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಹಿರಿಯ ಡ್ರೈವರಿನ ಮಗ್ಗುಲಲ್ಲಿ ನಿಂತು ಕಿರಿಯನು ವರ್ಷಗಟ್ಟಲೆ ಕಲಿಯಬೇಕು. ಒಂದು ತಲೆಮಾರು ತಪ್ಪಿದರೆ ಆ ಸರಪಳಿಯನ್ನು ಮತ್ತೆ ಬೆಸೆಯುವವರಿಲ್ಲ.

ಆದುದರಿಂದ ರೈಲ್ವೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು. ಮೊದಲನೆಯದಾಗಿ, ವಿಶೇಷ ಬಂಡಿ ಎಷ್ಟೇ ಲಾಭ ತರಲಿ, ಅದಕ್ಕಾಗಿ ಸಾಮಾನ್ಯ ದರದ ನಿತ್ಯದ ಬಂಡಿಯು ಒಂದು ದಿನವೂ ನಿಲ್ಲಬಾರದು. ಎರಡನೆಯದಾಗಿ, ವಿಶೇಷ ಬಂಡಿಗಳಿಂದ ಬಂದ ಹಣವು ಎಲ್ಲಿಯೋ ಕರಗಿಹೋಗದೆ ಅದೇ ಮಾರ್ಗದ ಗೋಡೆ, ಸೇತುವೆ, ಚರಂಡಿಗಳಿಗೆ ಸಲ್ಲಬೇಕು; ಅದರ ಲೆಕ್ಕವನ್ನು ವರ್ಷಕ್ಕೊಮ್ಮೆ ಜನರ ಮುಂದಿಡಬೇಕು. ಮೂರನೆಯದಾಗಿ, ಪೊನ್ಮಲೈಯಲ್ಲಿಯೂ ಕೂನೂರಿನ ಶೆಡ್ಡಿನಲ್ಲಿಯೂ ತರುಣರನ್ನು ಅಭ್ಯಾಸಿಗಳಾಗಿ ಸೇರಿಸಿಕೊಂಡು ಈ ಕಸುಬನ್ನು ಕಲಿಸಬೇಕು. ನಾಲ್ಕನೆಯದಾಗಿ, ಬೆಟ್ಟದ ಹಳ್ಳಿಗಳ ಮಕ್ಕಳಿಗೆ ವರ್ಷಕ್ಕೊಂದು ದಿನವಾದರೂ ಈ ಬಂಡಿಯಲ್ಲಿ ಉಚಿತವಾಗಿ ಕೂಡುವ ಅವಕಾಶವಿರಬೇಕು.

ಇದಕ್ಕೆ ನಷ್ಟದ ಲೆಕ್ಕವನ್ನು ಯಾರಾದರೂ ಮುಂದೊಡ್ಡಿದರೆ ನಮ್ಮ ಉತ್ತರ ಸರಳವಾಗಿದೆ. ದೇವಸ್ಥಾನದ ಗೋಪುರಕ್ಕೆ ಸುಣ್ಣ ಬಳಿದಾಗ, ಊರಿನ ಕೆರೆಯ ಹೂಳೆತ್ತಿದಾಗ ಲಾಭವೆಷ್ಟೆಂದು ಯಾರೂ ಕೇಳುವುದಿಲ್ಲ. ಆನೆಯನ್ನು ಕೊಂಡವನು ಅಂಕುಶಕ್ಕೆ ಚೌಕಾಸಿ ಮಾಡಬಾರದು. ಇಡೀ ಜಗತ್ತೇ ಬಂದು ನಮ್ಮ ಬೆಟ್ಟದ ಬಂಡಿಯನ್ನು ಅಮೂಲ್ಯವೆಂದು ಹೇಳಿಹೋಗಿರುವಾಗ ನಾವು ಅದನ್ನು ಹಣವಂತರ ಆಟಿಕೆಯಾಗಿಯೂ ಇಲಾಖೆಯ ಹೊರೆಯಾಗಿಯೂ ಕಾಣಬೇಕಾದ ಕಾರಣವಿಲ್ಲ. ಕಲ್ಲಾರಿನ ತಿರುವಿನಲ್ಲಿ ಹಲ್ಲುಚಕ್ರವು ಕಂಬಿಯನ್ನು ಕಚ್ಚುವ ಸದ್ದನ್ನು ನಮ್ಮ ಮೊಮ್ಮಕ್ಕಳೂ ಕೇಳಬೇಕಾದರೆ, ಆ ಬಂಡಿಯ ಮೂರನೆಯ ಗಾಡಿಯಲ್ಲಿ ತರಕಾರಿಯ ಬುಟ್ಟಿಯನ್ನಿಟ್ಟುಕೊಂಡು ಕುಳಿತ ಹೆಂಗಸಿಗೂ ಜಾಗವಿರಬೇಕು. ಅವಳು ಇಳಿದುಹೋದ ದಿನ ಅದು ರೈಲಾಗಿ ಉಳಿಯುವುದಿಲ್ಲ.