ಫೋಟೊದ ಬೆನ್ನಿಗೆ ಬರೆದ ಹೆಸರು

ಇಂಗ್ಲೆಂಡಿನ ವಿಗನ್ ಊರಿನ ಕಲ್ಲಿದ್ದಲು ಹೆಂಗಸರ ಹಳೆಯ ಫೋಟೊಗಳನ್ನು ನೀವೂ ಎಲ್ಲಾದರೂ ನೋಡಿರಬಹುದು. ತಲೆಗೆ ಸುತ್ತಿದ ಬಟ್ಟೆ, ಮೇಲೆತ್ತಿ ಸಿಕ್ಕಿಸಿದ ಲಂಗ, ಅದರ ಕೆಳಗೆ ಗಂಡಸರ ಷರಾಯಿ, ಕಾಲಿಗೆ ಮರದ ಅಟ್ಟೆಯ ಬೂಟು, ಕೈಯಲ್ಲಿ ಸಲಿಕೆ ಇಲ್ಲವೇ ದೊಡ್ಡ ಜರಡಿ. 1842ರ ಕಾನೂನು ಹೆಂಗಸರು ಗಣಿಯೊಳಗೆ ಇಳಿದು ದುಡಿಯುವುದನ್ನು ನಿಲ್ಲಿಸಿತು. ಮೇಲೆ ಬಂದ ಕಲ್ಲಿದ್ದಲಿನ ತೊಟ್ಟಿ ತಳ್ಳುವ, ಕಲ್ಲು ಆರಿಸುವ, ಜರಡಿ ಹಿಡಿಯುವ ಕೆಲಸ ಅವರ ಪಾಲಿಗೆ ಉಳಿಯಿತು. ಹೆಂಗಸು ಷರಾಯಿ ತೊಡುವುದೇ ಆ ಕಾಲದವರಿಗೆ ಸೋಜಿಗ. ಆದ್ದರಿಂದ ವಿಗನ್ನಿನ ಸ್ಟುಡಿಯೊಗಳು ಇವರನ್ನು ಪರದೆಯ ಮುಂದೆ ನಿಲ್ಲಿಸಿ ಚಿತ್ರ ತೆಗೆದು, ಅಂಗೈಯಗಲದ ಕಾರ್ಡು ಮಾಡಿ ಮಾರಿದವು. ನಾನು ಕಂಡ ಇಂಥ ಕಾರ್ಡುಗಳಲ್ಲಿ ಹೆಚ್ಚಿನವುಗಳ ಮೇಲೆ ಸ್ಟುಡಿಯೊದ ಹೆಸರಿದೆ, ಹೆಂಗಸಿನ ಹೆಸರಿಲ್ಲ.

ಇದಕ್ಕೊಂದು ದೊಡ್ಡ ಅಪವಾದ ಆರ್ಥರ್ ಮನ್ಬಿ. ಲಂಡನ್ನಿನಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಈ ಮನುಷ್ಯನಿಗೆ ದುಡಿಯುವ ಹೆಂಗಸರ ಬಗ್ಗೆ ಇದ್ದ ಹಂಬಲ ವಿಚಿತ್ರವಾದದ್ದೇ, ಅದನ್ನು ನಾನು ಸಮರ್ಥಿಸುವುದಿಲ್ಲ. ಆದರೆ ಆತ ಕೇಳಿ ತಿಳಿದು ಬರೆದಿಡುತ್ತಿದ್ದ. 1873ರ ಸೆಪ್ಟೆಂಬರ್ 11ರಂದು ತೆಗೆಸಿದ ಒಂದು ಚಿತ್ರದಲ್ಲಿ ಗಣಿಯ ಹುಡುಗಿಯೊಬ್ಬಳ ಪಕ್ಕದಲ್ಲಿ ಆತನೇ ನಿಂತಿದ್ದಾನೆ, ಗಾತ್ರದಲ್ಲಿ ಅವಳು ಹೆಚ್ಚುಕಡಿಮೆ ತನ್ನಷ್ಟೇ ಇದ್ದಾಳೆಂದು ತೋರಿಸಲು. ಹೆಸರು ಎಲೆನ್ ಗ್ರೌಂಡ್ಸ್, ವಯಸ್ಸು 22, ಪಿಯರ್ಸನ್ ಅಂಡ್ ನೋಲ್ಸ್ ಗಣಿ. ಮನ್ಬಿಯ ಸಂಗ್ರಹ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಸೇರಿತು, ಪೆಟ್ಟಿಗೆ ತೆರೆದದ್ದು 1950ರಲ್ಲಿ. ಇಷ್ಟು ಬರಹ ಉಳಿದದ್ದರಿಂದ ಎಲೆನ್ ಇವತ್ತು ಒಬ್ಬ ವ್ಯಕ್ತಿ. ಜನಗಣತಿಯಲ್ಲಿ ಅವಳನ್ನು ಹುಡುಕಬಹುದು, ಅವಳ ಬೀದಿ ಯಾವುದೆಂದು ಕೇಳಬಹುದು. ಹೆಸರಿಲ್ಲದ ಉಳಿದವರು ಚಹಾ ಮಗ್ಗಿನ ಮೇಲಿನ ಚಿತ್ರವಾಗಿದ್ದಾರೆ.

ವಿಗನ್ ಪಕ್ಕದ ಲೀ ಎಂಬ ಊರಿನಲ್ಲಿ ನಾನು ಬಹುಕಾಲ ವೈದ್ಯನಾಗಿದ್ದೆ. ಗಣಿಯ ಧೂಳು ಕುಡಿದ ಎದೆಗಳೇ ನನ್ನ ನಿತ್ಯದ ಕೆಲಸ. ಮನೆಗೆ ನೋಡಲು ಹೋದಾಗ ಅಜ್ಜಿಯೊಬ್ಬರು ಆಲ್ಬಂ ತೆಗೆದು ತೋರಿಸುತ್ತಿದ್ದರು. ಅದರೊಳಗಿನ ಒಂದು ಫೋಟೊ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ: ಕಲ್ಲಿದ್ದಲು ಆರಿಸುವ ಪಟ್ಟಿಯ ಪಕ್ಕ ಸಾಲಾಗಿ ನಿಂತ ಏಳು ಜನ. ಮೂವರು ನಗುತ್ತಿದ್ದಾರೆ, ಒಬ್ಬಾಕೆ ಅಲುಗಾಡಿ ಮುಖ ಮಸುಕಾಗಿದೆ. ಮುಖಕ್ಕೆಲ್ಲ ಮಸಿ, ಕೊರಳಲ್ಲಿ ಮಾತ್ರ ಶುಭ್ರವಾದ ಕರವಸ್ತ್ರ. ಹಿಂದೆ ಪೆನ್ಸಿಲಿನಲ್ಲಿ ಎಡದಿಂದ ಬಲಕ್ಕೆ ಏಳೂ ಹೆಸರು. ಒಂದು ಹೆಸರಿನ ಮುಂದೆ, ಈಕೆ ಅಕ್ಟೋಬರಿನಲ್ಲಿ ಆಲೂಗಡ್ಡೆ ಕೀಳಲು ಹೋಗುತ್ತಾಳೆ, ಆಗ ಗಣಿಗೆ ಬರುವುದಿಲ್ಲ ಎಂಬ ಮಾತು. ಪಶ್ಚಿಮ ಲ್ಯಾಂಕಶೈರಿನ ಆಲೂಗಡ್ಡೆ ಹೊಲಗಳೂ ಕಲ್ಲಿದ್ದಲು ಗಣಿಗಳೂ ಒಂದೇ ಮನೆಯ ಎರಡು ಸಂಪಾದನೆಯಾಗಿದ್ದವೆಂದು ಹೇಳಲು ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಅಜ್ಜಿ ತೀರಿಕೊಂಡರು. ಮನೆ ಖಾಲಿ ಮಾಡಲು ಬಂದವರು ಆಲ್ಬಂ ಒಯ್ದರು. ಹಾಳೆ ಹಾಳೆ ಬಿಚ್ಚಿ ಒಂದೊಂದೇ ಚಿತ್ರ ಮಾರಿದರೆಂದು ಆಮೇಲೆ ತಿಳಿಯಿತು. ಆ ಏಳು ಜನರ ಫೋಟೊ ಈಗ ಯಾರ ಗೋಡೆಯ ಮೇಲಿದೆಯೋ! ಚೌಕಟ್ಟು ಹಾಕಿದವರಿಗೆ ಹಿಂದಿನ ಬರಹ ಕಾಣುವುದಿಲ್ಲ. ಆಲ್ಬಂ ಒಡೆದರೆ ಇತಿಹಾಸ ಒಡೆಯಿತೆಂದೇ ನನ್ನ ಲೆಕ್ಕ. ಯಾರ ಪಕ್ಕ ಯಾರು, ಯಾರ ಮದುವೆಗೆ ಯಾರು ಬಂದರು ಎಂಬುದೆಲ್ಲ ಹಾಳೆಗಳ ಅನುಕ್ರಮದಲ್ಲೇ ಇರುತ್ತದೆ.

ಹಿಂದಿನ ಬರಹ ನೆಲದ ಫೋಟೊಗೂ ಬೇಕು. ಲೀ ಊರಿನಂಚಿನ ಪೆನ್ನಿಂಗ್ಟನ್ ಫ್ಲ್ಯಾಷ್ ನೋಡಿ. ಸುಮಾರು 70 ಹೆಕ್ಟೇರಿನ ಕೆರೆ. ಜನ ಬೈನಾಕ್ಯುಲರ್ ಹಿಡಿದು ಹಕ್ಕಿ ನೋಡಲು ಬರುತ್ತಾರೆ, 2022ರಲ್ಲಿ ಸುತ್ತಲಿನ ಇಂಥ ಕೆರೆಗಳೆಲ್ಲ ಸೇರಿ ರಾಷ್ಟ್ರೀಯ ನಿಸರ್ಗಧಾಮವಾದವು. ಅದು ಮೊದಲು ಹೊಲ. ಅಡಿಯ ಕಲ್ಲಿದ್ದಲು ತೆಗೆದಂತೆಲ್ಲ ನೆಲ ಕುಸಿಯಿತು, ನೀರು ನಿಂತಿತು, ರೈತ ಹೊರಟ. ಅಂಚಿನಲ್ಲಿ ನೀರಿಗೆ ಇಳಿದು ಮಾಯವಾಗುವ ಬೇಲಿಯ ಒಂದು ಹಳೆಯ ಫೋಟೊ ಇದ್ದರೆ ಮಕ್ಕಳಿಗೆ ಇದನ್ನು ಅರ್ಧ ನಿಮಿಷದಲ್ಲಿ ಹೇಳಬಹುದು. ಆದರೆ ಆ ಹೊಲ ಯಾವುದು, ಯಾವ ವರ್ಷ ಎಂದು ಹಿಂದೆ ಬರೆದಿರಲೇಬೇಕು.

ಎಲ್ಲವೂ ಈಗ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಕತ್ತರಿಸಿ ಬಣ್ಣ ಹಚ್ಚಿದ ರೂಪದಲ್ಲಿ. ಮಸಿ ಮೆತ್ತಿದ ಕೆನ್ನೆಗೆ ಯಂತ್ರ ಗುಲಾಬಿ ಬಣ್ಣ ಬಳಿದದ್ದನ್ನು ನಾನೇ ನೋಡಿದ್ದೇನೆ. ಆ ಮಸಿ ಅವಳ ದಿನದ ಕೂಲಿ. ಅದನ್ನು ಒರೆಸುವ ಅಧಿಕಾರ ಯಾರಿಗೂ ಇಲ್ಲ. 1887ರಲ್ಲಿ ಇವರ ಕೆಲಸವನ್ನೇ ಕಾನೂನಿನಿಂದ ತೆಗೆಯಲು ಹೊರಟಾಗ ಈ ಹೆಂಗಸರ ತಂಡ ಲಂಡನ್ನಿಗೆ ಹೋಗಿ ಗೃಹಮಂತ್ರಿಯ ಮುಂದೆ ವಾದಿಸಿ ಉಳಿಸಿಕೊಂಡಿತು. ಅಂಥವರಿಗೆ ನಮ್ಮ ಸಿಂಗಾರ ಬೇಕಿಲ್ಲ.

ಗದಗ ಸೀಮೆಯವನಾದ ನನಗೆ ಇದೆಲ್ಲ ಪರರ ಕಥೆ ಎನಿಸಿಲ್ಲ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರವರೆಗೆ, ಈ ಊರುಗಳಿದ್ದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಿತ್ತು. ಆಗ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹೊರಟಿತು. ಅದನ್ನು ನೂಲಿದವರ ಮುಖಗಳು ಕೆಲವಾದರೂ ಲ್ಯಾಂಕಶೈರಿನಲ್ಲಿ ಸಿಗುತ್ತವೆ. ನಮ್ಮ ಕಡೆ ಆ ಹತ್ತಿ ಬಿಡಿಸಿದವಳ ಒಂದು ಫೋಟೊವನ್ನೂ ನಾನು ಕಂಡಿಲ್ಲ. ಇದ್ದದ್ದನ್ನು ಕಳೆಯುವವರ ಮೇಲೆ ನನಗೆ ಸಿಟ್ಟು ಬರುವುದು ಅದಕ್ಕೇ.

ಲೀ ಪುರಭವನದಲ್ಲಿ ವಿಗನ್ ಮತ್ತು ಲೀ ಊರುಗಳ ದಾಖಲೆಭಂಡಾರವಿದೆ. ಇಂಗ್ಲೆಂಡಿನ ಸ್ಥಳೀಯ ಆಡಳಿತಗಳು ಗ್ರಂಥಾಲಯ, ದಾಖಲೆಗಳ ಹಣಕ್ಕೇ ಮೊದಲು ಕತ್ತರಿ ಹಾಕುತ್ತಿರುವುದು ತಪ್ಪು. ಆಲ್ಬಂಗಳನ್ನು ಇಡಿಯಾಗಿ ಪಡೆಯಲು, ವೃದ್ಧರ ಪಕ್ಕ ಕುಳಿತು ಹೆಸರು ಬರೆದುಕೊಳ್ಳಲು ಸಂಬಳದ ಒಬ್ಬ ನೌಕರ ಬೇಕು, ಈಗಲೇ ಬೇಕು. ಬ್ರಿಟನ್ನಿನ ಗಣಿಗಳ ಮೇಲ್ಗಡೆ ದುಡಿದ ಕೊನೆಯ ಹೆಂಗಸರು ಕೆಲಸ ಬಿಟ್ಟದ್ದು 1972ರಲ್ಲಿ. ಹರೆಯದಲ್ಲಿ ಜರಡಿ ಹಿಡಿದವರಲ್ಲಿ ಉಳಿದವರಿಗೆ ಈಗ ತೊಂಬತ್ತರ ಆಸುಪಾಸು. ಮನೆ ಖಾಲಿ ಮಾಡುವವರನ್ನು ಕರೆಯುವ ಮೊದಲು ಮಕ್ಕಳು ದಾಖಲೆಭಂಡಾರಕ್ಕೆ ಒಂದು ಫೋನ್ ಮಾಡಲಿ. ಹೆಸರನ್ನು ಮೆದುವಾದ ಪೆನ್ಸಿಲಿನಲ್ಲಿ, ಒತ್ತದೆ ಬರೆಯಲಿ; ಬಾಲ್ ಪೆನ್ನಿನ ಗೆರೆ ಮುಂಬದಿಯ ಮುಖದ ಮೇಲೆ ಮೂಡುತ್ತದೆ.