ಮೊದಲ ತಿಂಗಳಿನ ಹಣ

ಜರ್ಮನಿಯ ಪ್ರಯೋಗಾಲಯವೊಂದರಲ್ಲಿ ಮೂರು ತಿಂಗಳ ತರಬೇತಿ, ಜತೆಗೆ ಸ್ಟೈಪೆಂಡ್ ಎಂದಾಕ್ಷಣ ಮನೆಯಲ್ಲಿ ಸಂಭ್ರಮ. ಖರ್ಚಿನ ಚಿಂತೆ ತೀರಿತೆಂದು ತಂದೆ ನಿರಾಳರಾಗುತ್ತಾರೆ. ಆದರೆ ಕೈ ಕಚ್ಚುವುದು ಮೊದಲ ತಿಂಗಳೇ. ಸ್ಟೈಪೆಂಡ್ ಕೈಸೇರುವ ಮುನ್ನವೇ ಕೋಣೆಗೆ ಹಣ ತೆರಬೇಕಾಗಬಹುದು.

ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಅದು ಬರಿಯ ಗೋಡೆಗಳ ಬಾಡಿಗೆ. ನೀರಿನ ಮತ್ತು ಕೋಣೆ ಬೆಚ್ಚಗಿಡುವ ವೆಚ್ಚ ಬೇರೆ. ‘ವಾರ್ಮ್’ ಎಂದಿದ್ದರೆ ಅವೂ ಸೇರಿರುತ್ತವೆ. ಆಗಲೂ ವಿದ್ಯುತ್ತಿನ ಬಗ್ಗೆ ಕೇಳುವುದು ಲೇಸು. ಠೇವಣಿಯು ಕಾಲ್ಟ್ ಬಾಡಿಗೆಯ ಮೂರು ಪಟ್ಟು ಮೀರುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಅದನ್ನು ಮೂರು ಮಾಸಿಕ ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರನಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕಂಡವರಿಗೆ ಇದು ಹಗುರ ಎನಿಸೀತು! ತೊಡಕೆಂದರೆ, ಠೇವಣಿ ಮರಳುವುದು ಕೋಣೆ ಬಿಟ್ಟ ಮೇಲೆ. ಅಷ್ಟರಲ್ಲಿ ವಿದ್ಯಾರ್ಥಿ ಊರು ಸೇರಿರುತ್ತಾನೆ. ಯಾವ ಖಾತೆಗೆ ಹಾಕಬೇಕೆಂಬುದನ್ನು ಬೀಗದ ಕೈ ಒಪ್ಪಿಸುವ ಮೊದಲೇ ಬರೆದುಕೊಟ್ಟಿರಬೇಕು.

ಓಡಾಟಕ್ಕೆ ದೇಶದ ಸ್ಥಳೀಯ ರೈಲು, ಬಸ್ಸುಗಳಿಗೆಲ್ಲ ಸಲ್ಲುವ ಮಾಸಿಕ ಟಿಕೆಟ್ ಇದೆ. 2023ರಲ್ಲಿ 49 ಯೂರೊ ಇದ್ದುದು 2025ರ ಜನವರಿಯಲ್ಲಿ 58 ಆಯಿತು, 2026ರಲ್ಲಿ 63. ಇದು ಚಂದಾ ಪದ್ಧತಿ. ಕೊನೆಯ ತಿಂಗಳ 10ರೊಳಗೆ ರದ್ದು ಮಾಡದಿದ್ದರೆ ಮುಂದಿನ ತಿಂಗಳ ಹಣವೂ ಹೋಗುತ್ತದೆ.

ಮಧ್ಯಾಹ್ನದ ಊಟಕ್ಕೆ ವಿಶ್ವವಿದ್ಯಾಲಯದ ಕ್ಯಾಂಟೀನ್ ಅಗ್ಗ. ರಾತ್ರಿಗೆ ಅನ್ನ, ಸಾರು ಮಾಡಲು ಬಂದರೆ ಅರ್ಧ ಉಳಿತಾಯ. ಅಮ್ಮ ಸಾರಿನ ಪುಡಿ ಕಟ್ಟಿಕೊಡಲಿ, ತುಪ್ಪ ಮಾತ್ರ ಬೇಡ: ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಭಾನುವಾರ ಅಲ್ಲಿ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಶನಿವಾರವೇ ಅಕ್ಕಿ, ಮೊಸರು ತಂದಿಡದವನು ಹೋಟೆಲಿಗೆ ದುಡ್ಡು ಸುರಿಯಬೇಕಾಗುತ್ತದೆ.